ಮಾವಶಿಯ ಡಿಕ್ಕಿಯ ನಾಕು ತೂತು

ಹೋದ ಬೇಸಿಗೆಯಲ್ಲಿ ಕಿತ್ತೂರಿನ ಒಂದು ಮದುವೆಗೆ ಹೋಗಿದ್ದೆ. ಉಣ್ಣಲಿಕ್ಕಲ್ಲ, ಒದರಲಿಕ್ಕೆ. ಅಕ್ಕಿಕಾಳು ಬಿದ್ದ ಮೇಲೆ ಎಲೆ ಹಾಕುವವರೆಗೆ ಮಂದಿ ತೂಕಡಿಸಬಾರದೆಂದು ನನ್ನಂಥವನನ್ನು ಕರೆಸುತ್ತಾರೆ. ಬಸ್ಸಿನ ಕಂಡಕ್ಟರ್, ಸಾಲಿಯ ಹೆಡ್ ಮಾಸ್ತರ, ಮೈಕು ಸಿಕ್ಕ ಪಂಚಾಯ್ತಿ ಮೆಂಬರ, ಉಪ್ಪು ಕಡಿಮೆಯಾಯಿತೆಂದು ಮುನಿದ ಬೀಗತಿ, ಹೀಗೆ ನಲವತ್ತು ಬಾಯಿ ನನ್ನ ಒಂದೇ ಬಾಯಲ್ಲಿವೆ. ನಲವತ್ತೊಂದನೆಯದು ನನ್ನ ಸ್ವಂತದ್ದು. ಅದನ್ನು ಯಾರೂ ಕೇಳಿಲ್ಲ, ಕೇಳುವಂಥದ್ದೂ ಅಲ್ಲ. ಅವತ್ತು ಮಂಟಪದ ಹೊರಗೆ ಬಿಸಿಲಲ್ಲಿ ನಿಂತು ಗಂಟಲಿಗೆ ನೀರು ಹಾಕಿಕೊಳ್ಳುತ್ತಿದ್ದಾಗ ಮದುಮಗನನ್ನು ಕೂಡಿಸಿಕೊಂಡು ಒಂದು ಹಳೆಯ ಕಾರು ಬಂತು. ಚೆಂಡುಹೂವಿನ ಕೆಳಗೆ ಗುಂಡು ಮೂತಿ, ಮೈಗೆಲ್ಲ ಕುಂಕುಮದಂಥ ಹೊಸ ಬಣ್ಣ. ಕಣ್ಣಿಗೆ ಗುರುತು ಸಿಗಲಿಲ್ಲ. ಪಕ್ಕದಿಂದ ಹಾದುಹೋದಾಗ ಮೂಗಿಗೆ ಸಿಕ್ಕಿತು. ಬಿಸಿಲಿಗೆ ಕಾದ ತಗಡಿನ ಸಂದಿಯಿಂದ ಔಡಲೆಣ್ಣೆ, ರಾಳ, ಜೇನುಮೇಣ ಮೂರೂ ಸೇರಿದ ಒಂದು ಸಣ್ಣ ವಾಸನೆ ಎದ್ದು ಬಂತು. ನನ್ನ ಕೈಯೊಳಗಿನ ಬಾಟಲಿ ಹಾಗೇ ನಿಂತಿತು. ನಿಮಗೂ ಇಂಥದೊಂದು ವಾಸನೆ ಎಲ್ಲೋ ಕಾಯುತ್ತ ಇರಬಹುದು. ಗುಡಿಯಲ್ಲೋ, ಹಳೇ ಟ್ರಂಕಿನಲ್ಲೋ. ನನ್ನದು ಮಾತ್ರ ಒಂದು ಕಾರಿನ ಡಿಕ್ಕಿಯಲ್ಲಿತ್ತು. ಅವತ್ತು ಮೈಕು ಹಿಡಿದು ನಾನು ಕಂಡಕ್ಟರನ ದನಿ ತೆಗೆದರೆ ಹೆಡ್ ಮಾಸ್ತರರದು ಬಂತು. ಮಂದಿ ಅದನ್ನೇ ಕಲೆ ಎಂದು ತಿಳಿದು ಚಪ್ಪಾಳೆ ಹೊಡೆದರು.

ಬೈಲಹೊಂಗಲದಲ್ಲಿ ನಮ್ಮದೊಂದು ಮನೆ ಇತ್ತು. ಈಗ ಆ ಜಾಗದಲ್ಲಿ ಮೂರು ಅಂಗಡಿ ನಿಂತಿವೆ. ನಮ್ಮ ಅಡಿಗೆಮನೆ ಇದ್ದಲ್ಲಿ ಮೊಬೈಲಿಗೆ ಗಾಜು ಅಂಟಿಸುತ್ತಾರೆ, ಪಡಸಾಲೆ ಇದ್ದಲ್ಲಿ ಒಬ್ಬಾತ ಪ್ಲಾಸ್ಟಿಕ್ ಕೊಡಪಾನ ಪೇರಿಸಿಟ್ಟಿದ್ದಾನೆ. ಆ ಮನೆಯ ಯಜಮಾನ ನಮ್ಮಪ್ಪ ಎಂದು ರೇಷನ್ ಕಾರ್ಡು ಹೇಳುತ್ತಿತ್ತು. ಖರೆ ಯಜಮಾನಿ ನಮ್ಮಪ್ಪನ ಅಕ್ಕ, ನಮ್ಮತ್ತಿ. ಮದುವೆಯಾಗದೆ ಉಳಿದವಳು, ಮೂವತ್ತು ವರ್ಷ ನರ್ಸಬಾಯಿಯಾಗಿ ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಈ ಲೋಕಕ್ಕೆ ಎಳೆದು ಹಾಕಿದವಳು. ಸಣ್ಣ ಆಳು, ದೊಡ್ಡ ದನಿ. ಆಕೆಯ ದನಿಯಲ್ಲಿ ಒಂದು ಬಿರುಕಿತ್ತು, ಒಣಗಿದ ಕುಂಬಳಕಾಯಿ ತಟ್ಟಿದ ಹಾಗೆ. ನಾನು ಆರನೇ ವಯಸ್ಸಿಗೇ ಅದನ್ನು ಕದ್ದಿದ್ದೆ. ಆಕೆ ರಾಮದುರ್ಗದ ಒಬ್ಬ ಡಾಕ್ಟರರ ಕೈಕೆಳಗೆ ಬಹಳ ವರ್ಷ ದುಡಿದಿದ್ದಳು. ಅವರು ವಯಸ್ಸಾಗಿ ದವಾಖಾನೆ ಮುಚ್ಚುವಾಗ ತಮ್ಮ ಬಿಳಿ ಕಾರಿನ ಕೀಲಿಯನ್ನು ಆಕೆಯ ಕೈಯಲ್ಲಿಟ್ಟು, "ನನಗಿಂತ ಇದನ್ನ ನೀನೇ ಹೆಚ್ಚ ಓಡಿಸೀದಿ, ನೀನೇ ಒಯ್ಯಿ" ಅಂದಿದ್ದರಂತೆ. ಅತ್ತಿ ಅದಕ್ಕೆ ಮಾವಶಿ, ಅಂದರೆ ಚಿಕ್ಕವ್ವ, ಎಂದು ಹೆಸರಿಟ್ಟಳು. "ಹಡದಾಕಿ ಅಲ್ಲ, ಆದ್ರ ಕರದಾಗ ಬರತಾಳ" ಅನ್ನುವುದು ಆಕೆಯ ವಿವರಣೆ. ದೊಡವಾಡದ ಕಡೆಯಿಂದಲೋ ಕಿತ್ತೂರ ಕಡೆಯಿಂದಲೋ ಯಾರದಾದರೂ ಸೊಸೆಗೆ ಹೆರಿಗೆಯ ಬ್ಯಾನಿ ಸುರುವಾಗಿ ಗಾಡಿ ಸಿಗದಿದ್ದರೆ ಮಾವಶಿ ಹೊರಡುತ್ತಿದ್ದಳು. ಡಿಕ್ಕಿಯಲ್ಲಿ ಸದಾ ಒಂದು ಕೌದಿ ಇರುತ್ತಿತ್ತು. ಬಾಣಂತನವಾದ ಮನೆಯವರು ಉಡಿ ತುಂಬಿ ಕೊಟ್ಟ ಕುಬಸದ ಖಣಗಳನ್ನು ಅತ್ತಿ ಹೊಲಿಸಿಕೊಳ್ಳದೆ ಕೂಡಿಸಿಟ್ಟು, ತುಣುಕು ತುಣುಕಾಗಿ ಜೋಡಿಸಿ ಹೊಲಿದ ಕೌದಿ. ಬ್ಯಾನಿ ತಿನ್ನುವ ಹೆಣ್ಣುಮಗಳನ್ನು ಹಿಂದಿನ ಸೀಟಿನಲ್ಲಿ ಅದರ ಮೇಲೆ ಮಲಗಿಸುತ್ತಿದ್ದಳು. "ಎಷ್ಟ ಮಂದಿ ಗೆದ್ದಾರ ನೋಡವಾ ಇದರ ಮ್ಯಾಲ, ನೀನೂ ಗೆಲ್ಲತಿ" ಎಂದು ಒಂದೊಂದು ತುಣುಕು ಮುಟ್ಟಿ ಊರ ಹೆಸರು ಹೇಳುತ್ತಿದ್ದಳಂತೆ.

ಈ ಕಾರಿಗೆ ವರ್ಷಕ್ಕೊಂದು ಅಭ್ಯಂಜನವಿತ್ತು. ಮಿರಗದ, ಅಂದರೆ ಮೃಗಶಿರೆಯ, ಮಳೆ ಕೂಡುವುದಕ್ಕಿಂತ ಮೊದಲು, ರೈತರು ಕೂರಿಗೆ ಇಳಿಸಿ ನೋಡುವ ಆ ವಾರದಲ್ಲಿ, ಮಾವಶಿಯ ಒಡವೆಯನ್ನೆಲ್ಲ ಬಿಚ್ಚಬೇಕು. ಪಕ್ಕೆಗುಂಟ ಓಡುವ ಬೆಳ್ಳಿಯಂಥ ಪಟ್ಟಿಗಳು, ಮೂತಿಯ ಮೇಲಿನ ಲಾಂಛನ, ಡಿಕ್ಕಿಯ ಮೇಲೆ ಬಿಡಿಬಿಡಿಯಾಗಿ ಕೂತ ಹೆಸರಿನ ಅಕ್ಷರಗಳು. ನೋಡುವವರಿಗೆ ಅವು ಶೃಂಗಾರ. ಒಳಗಿನ ಗುಟ್ಟೇನೆಂದರೆ ಪ್ರತಿ ಅಕ್ಷರದ ಬೆನ್ನಿಗೆ ಎರಡೆರಡು ಮೊಳೆಯಂಥ ಕಾಲು, ಪ್ರತಿ ಕಾಲಿಗೂ ತಗಡಿನಲ್ಲೊಂದು ತೂತು. ಮಳೆಗೆ ಅದೇ ಬಾಗಿಲು. ಹೊರಗೆ ಹೊಳಪಿದ್ದಷ್ಟೂ ಒಳಗೆ ತೂತು ಹೆಚ್ಚು. ಇದು ನನಗೂ ಸರಿಯಾಗಿ ಹೊಂದುತ್ತದೆ, ಆ ಮಾತು ಬೇಡ. ತೂತು ಮುಚ್ಚಲು ಸವದತ್ತಿಯಿಂದ ಮೌಲಾಸಾಬ ಕಾಕಾ ಬರುತ್ತಿದ್ದರು. ತಗಡಿನ ಕೆಲಸದವರು. ಅವರಪ್ಪ ಮಲಪ್ರಭಾ ಹೊಳೆಯಲ್ಲಿ ನಾವೆಗೆ ಬಳಿಯುತ್ತಿದ್ದ ಮೇಣವನ್ನೇ ಇವರು ಕಾರಿಗೆ ತಂದಿದ್ದರು. ನಮ್ಮವ್ವನ ಹಳೇ ಬೋಗುಣಿಯಲ್ಲಿ ರಾಳ ಕರಗಿಸಿ, ಜೇನುಮೇಣ ಹಾಕಿ, ಔಡಲೆಣ್ಣೆಯನ್ನು ಕಣ್ಣಳತೆಯಲ್ಲಿ ಬಿಟ್ಟು ಬೇವಿನ ಕಡ್ಡಿಯಿಂದ ತಿರುವುತ್ತ ಕೂರುತ್ತಿದ್ದರು. ಹಿತ್ತಲ ತುಂಬ ಆ ವಾಸನೆ. ಕಣ್ಣಳತೆ ಅಂದೆ, ಆದರೆ ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಬೆರಳಳತೆ ಅನ್ನಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳೆ ಎಳೆದು ನೋಡಿ, "ಇದು ಆತು. ಇನ್ನ ಹೊಳಿ ಬಂದ್ರೂ ಮಾವಶಿ ತೇಲತಾಳ" ಅನ್ನುತ್ತಿದ್ದರು.

ಆಮೇಲಿನ ಕೆಲಸಕ್ಕೆ ಇಬ್ಬರು ಬೇಕು, ಒಬ್ಬರು ಹೊರಗೆ, ಒಬ್ಬರು ಒಳಗೆ. ಕಾಕಾ ಹೊರಗಿನಿಂದ ಅಕ್ಷರದ ಕಾಲಿಗೆ ಮೇಣ ಸುತ್ತಿ ತೂತಿಗೆ ಒತ್ತುವರು. ಒಳಗಿನಿಂದ ಕಾಲಿನ ತುದಿಗೆ ನಟ್ಟಿನಂಥ ಚಕ್ರಿ ಹಾಕಿ ಬಿಗಿದಾಗ ಹೆಚ್ಚಿನ ಮೇಣ ಹಿಂಡಿಕೊಂಡು ಕಾಲಿನ ಸುತ್ತ ಒಂದು ಉಂಗುರದಂತೆ ಹೊರಬರಬೇಕು. ಉಂಗುರ ಸುತ್ತೆಲ್ಲ ಕೂಡಿದರೆ ನೀರು ಬರುವುದಿಲ್ಲ. ಕೂಡದಿದ್ದರೆ ಮತ್ತೆ ಬಿಚ್ಚಿ ಇನ್ನಷ್ಟು ಮೇಣ. ಅದನ್ನು ನೋಡಿ ಹೇಳುವ ಅಧಿಕಾರ ಅತ್ತಿಯೊಬ್ಬಳದೇ. ಹಿಂದಿನ ಸೀಟಿನ ಬೆನ್ನು ಕಳಚಿಟ್ಟು, ಅರವತ್ತು ದಾಟಿದ ನರ್ಸಬಾಯಿ ಕಾರಿನ ಹೊಟ್ಟೆಯೊಳಗೆ ಅರ್ಧ ತೂರಿಕೊಂಡು ಮಲಗುತ್ತಿದ್ದಳು. ನಾನು ಡಿಕ್ಕಿಯೊಳಗೇ ಕೂತು ಸಣ್ಣ ಬೆರಳಿನಿಂದ ಚಕ್ರಿ ತಿರುವಬೇಕು, ಟಾರ್ಚು ಹಿಡಿಯಬೇಕು. ಡಿಕ್ಕಿಯ ಬಾಗಿಲು ಪೂರಾ ಬೀಳದಂತೆ ಗೋಣಿಚೀಲದ ಸುರುಳಿ ಕೊಟ್ಟಿರುತ್ತಿದ್ದರು. ಹೊರಗಿನಿಂದ, "ಉಂಗುರ ಬಂತೇನ್ರೀ ಅಕ್ಕಾರ?" ಒಳಗಿನಿಂದ, "ಬಂತೋ ಮೌಲಾ." ಮತ್ತೆ, "ಬಂತೇನ್ರೀ?" "ಬರಲಿಲ್ಲೋ, ಜಿಪುಣತನ ಮಾಡಬ್ಯಾಡ, ಇನ್ನೊಂದೀಟ ಹಾಕು." ನನಗೆ ಇದು ದೇವರ ಪೂಜೆಯ ಮಂತ್ರಕ್ಕಿಂತ ಚಂದ ಕೇಳುತ್ತಿತ್ತು. ನಾನು ನಡುವೆ ಬಾಯಿ ಹಾಕಿ "ಬಂತ್ರೀ" ಅಂದರೆ ಕಾಕಾ ಬಗ್ಗುತ್ತಿರಲಿಲ್ಲ. "ಏ ರೇಡಿಯೋ, ನೀ ಹೇಳಿದ್ರ ನಡಿಯೂದಿಲ್ಲ. ನಿನ್ನ ಬಾಯಾಗ ಎಷ್ಟ ಮಂದಿ ಅದಾರೋ ನಿನಗs ಗೊತ್ತಿಲ್ಲ. ಅಕ್ಕಾರ ಅನ್ನಲಿ." ಅತ್ತಿ ನಗುತ್ತಿದ್ದಳು. ತಗಡಿನ ಡಬ್ಬಿಯಲ್ಲಿ ಆ ನಗೆ ಎರಡೆರಡಾಗಿ ಕೇಳುತ್ತಿತ್ತು.

ನನಗೆ ಹನ್ನೊಂದು ವರ್ಷವಾಗಿದ್ದ ಆ ಬೇಸಿಗೆ, ಡಿಕ್ಕಿಯ ಅಕ್ಷರಗಳ ಕೆಲಸ ಅರ್ಧಕ್ಕೆ ಬಂದಿತ್ತು. ದೊಡವಾಡದಿಂದ ಒಬ್ಬ ಮುದುಕಿ ಮೊಮ್ಮಗಳ ಹೊಟ್ಟೆ ಬಗ್ಗೆ ಕೇಳಲು ಬಂದು ತಲಬಾಗಿಲಲ್ಲಿ ಕೂಗಿದಳು. ಅತ್ತಿ, "ತಡಿಯೋ ಮೌಲಾ, ಬಂದೆ" ಎಂದು ಸೀಟಿನಿಂದ ಹಿಂದೆ ಸರಿದು ಹೋದಳು. ಕಾಕಾ ಆಗ ಬೋಗುಣಿಯ ಕಡೆ ತಿರುಗಿ ಸ್ಟೋವಿಗೆ ಪಂಪು ಹೊಡೆಯುತ್ತಿದ್ದರು; ಕೇಳಲಿಲ್ಲ. ಬಂದು ನಡುವಿನ ಅಕ್ಷರ ಒತ್ತಿದರು. "ಬಂತೇನ್ರೀ ಅಕ್ಕಾರ?" ಕತ್ತಲ ಡಿಕ್ಕಿಯೊಳಗೆ ನಾನೊಬ್ಬನೇ. ಟಾರ್ಚು ಗದ್ದದ ಕೆಳಗಿಟ್ಟುಕೊಂಡು ದೆವ್ವದ ಮುಖ ಮಾಡುತ್ತಿದ್ದೆ, ನೋಡುವವರು ಯಾರೂ ಇಲ್ಲದಿದ್ದರೂ. ಬಾಯಿ ತನ್ನಷ್ಟಕ್ಕೆ ತೆರೆಯಿತು. ಒಣಗಿದ ಕುಂಬಳಕಾಯಿಯ ದನಿಯಲ್ಲಿ, "ಬಂತೋ ಮೌಲಾ" ಅಂದೆ. ಹೊರಗೆ ಒಂದು ಕ್ಷಣವೂ ಅನುಮಾನವಿಲ್ಲ. "ಹಾಂ, ಎರಡನೇದು?" ನಾನು ಚಕ್ರಿ ತಿರುವಿದೆ, ನೋಡಲಿಲ್ಲ. "ಬಂತು, ಮುಂದ ನಡಿ." ನಾಕು ಕಾಲು, ಎರಡು ಅಕ್ಷರ. ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ಅಲ್ಲಿಯವರೆಗೆ ನನ್ನ ಅನುಕರಣೆಗೆ ಮಂದಿ ನಕ್ಕಿದ್ದರು. ಯಾರೂ ಮೋಸ ಹೋಗಿರಲಿಲ್ಲ. ಮೊದಲ ಸಲ ನಾನು ನಾನಲ್ಲದೆ ಅತ್ತಿಯೇ ಆಗಿದ್ದೆ. ಅತ್ತಿ ತಿರುಗಿ ಬಂದು ಸೀಟಿನಲ್ಲಿ ತೂರಿಕೊಂಡಳು. ಕಾಕಾ ಮುಂದಿನ ಅಕ್ಷರ ಒತ್ತಿ ಕೇಳಿದರು. ಖರೆ ಅತ್ತಿ ನೋಡಿ, ಖರೆ ಉತ್ತರ ಕೊಟ್ಟಳು. ಕಾಕಾ ತನಗಾಗಿ ತಡೆದಿದ್ದರೆಂದು ಆಕೆ ತಿಳಿದಳು. ಆಕೆ ಎದ್ದೇ ಹೋಗಿರಲಿಲ್ಲವೆಂದು ಅವರು ತಿಳಿದರು. ಆ ಎರಡು ತಿಳುವಳಿಕೆಗಳ ನಡುವೆ ನಾನು ಟಾರ್ಚು ಹಿಡಿದು, ನಗೆ ತಡೆಯಲು ಮೊಣಕಾಲು ಕಚ್ಚಿಕೊಂಡು ಕೂತಿದ್ದೆ. ಸಂಜೆಗೆ ಹೇಳಿ ಎಲ್ಲರೂ ಬಿದ್ದು ಬಿದ್ದು ನಗುವಂತೆ ಮಾಡಬೇಕೆಂದಿತ್ತು. ಆದರೆ ಸಂಜೆಗೆ ಮೇಣ ಆರಿ ಕಲ್ಲಾಗಿತ್ತು. ಹೇಳಿದರೆ ಎಲ್ಲ ಬಿಚ್ಚಬೇಕು, ಮೊದಲು ನನ್ನ ಕಿವಿ ಬಿಚ್ಚುತ್ತಾರೆ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಆ ವರ್ಷ ಮಳೆ ಎರಡು ತಿಂಗಳು ಬಿಡದೆ ಹೊಡೆಯಿತು. ಆ ದಿನಗಳಲ್ಲಿ ಯಾರೂ ಕರೆಯಲಿಲ್ಲ, ಮಾವಶಿ ಹಿತ್ತಲಲ್ಲೇ ತೊಯ್ಯುತ್ತ ನಿಂತಿದ್ದಳು. ಶ್ರಾವಣದ ಒಂದು ಬಿಸಿಲಿಗೆ ಅತ್ತಿ ಡಿಕ್ಕಿ ತೆರೆದಳು. ಒಳಗೆ ನೀರು ನಿಂತು, ತಳದ ತಗಡು ಕೆಂಪಾಗಿ, ಕೌದಿ ಮಡಿಕೆ ಮಡಿಕೆಗೆ ಕೊಳೆತಿತ್ತು. ಬಾವಿಕಟ್ಟೆಯ ಹತ್ತಿರ ಒಯ್ದು ಒಗೆದು ಹಗ್ಗಕ್ಕೆ ಹಾಕಿದಳು. ಹಸಿ ಕೌದಿ ತನ್ನ ಭಾರಕ್ಕೆ ತಾನೇ ನಡುವೆ ಹರಿದು ಕೆಳಗೆ ಕೂತಿತು. ಅತ್ತಿ ಅಳಲಿಲ್ಲ. ಖಣದ ತುಣುಕುಗಳನ್ನು ನೆಲದಿಂದ ಒಂದೊಂದಾಗಿ ಎತ್ತಿ ಬಿಸಿಲಿಗೆ ಹರವಿದಳು. ಬಣ್ಣ ಒಂದಕ್ಕೊಂದು ಹತ್ತಿ ಯಾವುದು ಯಾವ ಊರಿನದೆಂದು ಆಕೆಗೂ ತಿಳಿಯದಂತಾಗಿತ್ತು.

ಸುದ್ದಿ ಕೇಳಿ ಮೌಲಾಸಾಬ ಕಾಕಾ ಮರುದಿನವೇ ಬಂದರು. ಡಿಕ್ಕಿಯೊಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಅಕ್ಷರಗಳ ಕಾಲುಗಳನ್ನು ಒಂದೊಂದಾಗಿ ಸವರಿದರು. ನಡುವಿನ ನಾಕಕ್ಕೆ ಬಂದಾಗ ಬೆರಳು ನಿಂತಿತು. "ಇಲ್ಲಿ ಉಂಗುರ ಇಲ್ಲ ಅಕ್ಕಾರ. ಮೇಣ ಕಡಿಮಿ ಸುತ್ತೀನಿ. ನನ್ನ ಕೈ ಹ್ವಾತು."

"ನಿನ್ನ ಕೈ ಯಾಕ ಹೋಗತೈತೋ? ಕಡಿಮಿ ಆದ್ರ ಹೇಳಾಕ ನಾ ಒಳಗಿದ್ದಿಲ್ಲೇನು? ನಾನs ಬಂತು ಬಂತು ಅಂದೆ. ಇಲ್ಲದ ಉಂಗುರ ಕಂಡ್ನಿ. ಹೋಗಿದ್ದು ನನ್ನ ಕಣ್ಣು."

"ನೀವು ನನ್ನ ಸಮಾಧಾನಕ್ಕ ಹೇಳಾಕತ್ತೀರಿ."

"ಸಮಾಧಾನ ಮಾಡೂ ಮಂದೀನ ನಾ ಅಲ್ಲ, ನಿನಗ ಗೊತ್ತೈತಿ."

"ಅಕ್ಕಾರ, ಕೈ ನಂದು. ತಪ್ಪೂ ನಂದು."

"ಮುಚ್ಚೋ ಬಾಯಿ, ದೊಡ್ಡ ಮನಷ್ಯಾ ಆಗಬ್ಯಾಡ!"

ತಪ್ಪನ್ನು ಒಬ್ಬರ ಮೇಲೊಬ್ಬರು ಎಸೆಯುವ ಜಗಳ ನಾನು ಬಹಳ ನೋಡಿದ್ದೇನೆ, ಬಹಳ ಸಲ ಸ್ಟೇಜಿನ ಮೇಲೆ ಆಡಿಯೂ ತೋರಿಸಿದ್ದೇನೆ. ತಪ್ಪು ನನಗಿರಲಿ ನನಗಿರಲಿ ಎಂದು ಎಳೆದಾಡಿದ ಜಗಳ ಅದೊಂದೇ. ನಡುವೆ ಅತ್ತಿ ನನ್ನ ಕಡೆ ತಿರುಗಿ, "ನೀನೂ ಒಳಗ ಕುಂತಿದ್ದೆಲ್ಲೋ, ನೀ ನೋಡಿದ್ದೇನು?" ಅಂದಳು. ನಲವತ್ತು ಬಾಯಿಯಲ್ಲಿ ಒಂದೂ ತೆರೆಯಲಿಲ್ಲ. ತಲೆ ಅಡ್ಡ ಆಡಿಸಿದೆ. "ಅದು ಕೂಸು, ಅದಕ್ಕೇನ ತಿಳೀತೈತಿ" ಎಂದು ಆಕೆಯೇ ನನ್ನನ್ನು ಬಿಡಿಸಿದಳು. ಕಾಕಾ ಚಹಾ ಕುಡಿಯದೆ ಹೋದರು. ಹೋಗುವಾಗ ಬೇವಿನ ಕಡ್ಡಿಯನ್ನು ಗೋಡೆಯ ಸಂದಿಯಲ್ಲಿ ಸಿಗಿಸಿ, ಅದರ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಿದ್ದರು.

ಮರುವರ್ಷ ಮಿರಗಕ್ಕೆ ಅವರು ಬರಲಿಲ್ಲ, ಅತ್ತಿ ಹೇಳಿ ಕಳಿಸಲೂ ಇಲ್ಲ. ಕಾಣದ ಕಣ್ಣಿಟ್ಟುಕೊಂಡು ಅವರನ್ನು ಯಾವ ಮುಖದಿಂದ ಕರೆಯಲಿ ಎಂದು ಈಕೆ, ಕೆಟ್ಟ ಕೈ ಹಿಡಿದುಕೊಂಡು ಕರೆಯದೆ ಹೇಗೆ ಹೋಗಲಿ ಎಂದು ಅವರು. ಅಷ್ಟಕ್ಕೇ ನಿಂತಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲವೇನೋ. ಆ ಚಳಿಗಾಲದಲ್ಲಿ ಅತ್ತಿ ಕಾರಿನ ಕೀಲಿಯನ್ನು ದೇವರ ಜಗುಲಿಯ ಮೊಳೆಗೆ ತೂಗುಹಾಕಿ ನಮ್ಮವ್ವನಿಗೆ ಹೇಳಿದ್ದನ್ನು ನಾನು ಪಡಸಾಲೆಯಲ್ಲಿ ಸಾಲಿಯ ಪಾಟಿಚೀಲ ತುಂಬುತ್ತ ಕೇಳಿದೆ: "ಅಂಗೈ ಅಗಲದಾಗ ಟಾರ್ಚ್ ಹಿಡದಿತ್ತು, ಆದ್ರೂ ನಾಕು ತೂತು ಕಾಣಲಿಲ್ಲ ನನಗ. ನಾಳೆ ರಸ್ತೆದಾಗ ಕೂಸೊಂದು ಓಡಿ ಬಂದ್ರ ಕಾಣತೈತೇನವಾ? ಇಷ್ಟ ಕೂಸು ಹಿಡದ ಕೈಲೆ ಒಂದನ್ನ ಕೊಂದು ಸಾಯಬೇಕೇನು?" ನಮ್ಮಪ್ಪ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ದರು. ವಯಸ್ಸಿಗೆ ಬಹಳ ಚಲೋ ಇವೆ ಎಂದರು ಅವರು. ಅತ್ತಿ ನಂಬಲಿಲ್ಲ. "ಅವರು ಗ್ವಾಡಿಗೆ ಹಾಕಿದ ಅಕ್ಷರ ಓದಸ್ತಾರ. ಅಕ್ಷರದ ಹಿಂದಿನ ತೂತು ನೋಡು ಅಂತಾರೇನು?" ಹೇಳಬೇಕೆಂದು ಎಷ್ಟು ಸಲ ಹೋದೆ! ಆಕೆ ಹೂಬತ್ತಿ ಹೊಸೆಯುವಾಗ, ಬಿಸಿಲಿಗೆ ಕೂದಲು ಆರಿಸುವಾಗ. ಹತ್ತಿರ ಹೋಗಿ ಯಾರದಾದರೂ ದನಿ ತೆಗೆದು ಆಕೆಯನ್ನು ನಗಿಸಿ ತಿರುಗಿ ಬರುತ್ತಿದ್ದೆ. ಮೊದಲ ವರ್ಷ ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದೇ ಮೂಲ ತಪ್ಪಿಗಿಂತ ದೊಡ್ಡದಾಯಿತು. ಹೀಗೆ ಆರು ಮಿರಗ ಕೂಡಿ ಹೋದವು. ಏಳನೆಯದಕ್ಕೆ ಅತ್ತಿ ಇರಲಿಲ್ಲ. ಮಾವಶಿ ಕಿತ್ತೂರಿನವರೊಬ್ಬರ ಪಾಲಾದಳು, ಮನೆ ಬಿತ್ತು, ನಾವು ಯಾರದೋ ಮನೆಯ ಮೇಲ್ಮಹಡಿಯ ಮೂರು ಕೋಣೆಗಳಲ್ಲಿ ಬಾಡಿಗೆಯವರಾದೆವು.

ಮದುವೆಯಲ್ಲಿ ಆ ವಾಸನೆ ಬಡಿದ ಮೂರನೇ ದಿನ ಸವದತ್ತಿಗೆ ಹೋದೆ. ಮೌಲಾಸಾಬ ಕಾಕಾ ಮಗನ ಪಂಕ್ಚರ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ದೂರದಿಂದಲೇ ಗುರುತು ಹಿಡಿದರು. "ಏ ರೇಡಿಯೋ! ಬಾ, ಕುಂಡರು. ಕಣ್ಣಿನ ಪೊರಿ ತಗಿಸೀನಿ, ಈಗ ಸೂಜಿಗೆ ದಾರ ನಾನs ಪೋಣಸ್ತೀನಿ." ಮತ್ತೆ ತಗಡಿನ ಕೆಲಸ ಮಾಡುತ್ತೀರಾ ಎಂದು ಕೇಳಿದೆ. "ಇಲ್ಲಪಾ. ಅಕ್ಕಾರ ಕೌದಿ ಹಾಳಾದ ಮ್ಯಾಲ ಮೇಣದ ಬೋಗುಣಿ ಮುಟ್ಟಿಲ್ಲ" ಎಂದರು, ಬಿಸಿಲು ಜೋರಾಗಿದೆ ಎನ್ನುವಷ್ಟು ಸಾದಾ ದನಿಯಲ್ಲಿ. ನಾನು ಹೇಳಿಬಿಟ್ಟೆ. ಮುದುಕಿ ಬಂದದ್ದು, ಅತ್ತಿ ಎದ್ದು ಹೋದದ್ದು, ನನ್ನ ಬಾಯಿಂದ ಬಂದ ದನಿ. ಹೇಳುವಾಗ ಯಾರ ದನಿಯನ್ನೂ ತೆಗೆಯಲಿಲ್ಲ. ಕೇಳಲು ಅಸಹ್ಯವಾಗಿತ್ತು, ತೊದಲು ತೊದಲಾಗಿ.

ಒಳಗೆ ಕಾಕಾರ ಮಗ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. "ಯಾವ ನಾಕು?" ಅಂದರು ಕಾಕಾ.

"ನಡುವಿನ ಎರಡು ಅಕ್ಷರದ್ದು."

ಅವರ ಬೆರಳು ಗಾಳಿಯಲ್ಲಿ ಆ ಡಿಕ್ಕಿಯನ್ನು ಸವರಿ, ನಡುವೆ ನಿಂತು, ಹೌದೆಂಬಂತೆ ಎರಡು ಸಲ ತಟ್ಟಿತು. ತಪ್ಪು ತಮ್ಮ ಕೈಯದಾಗಿರಲಿಲ್ಲವೆಂದು ಒಂದು ಮಾತು ಆಡುತ್ತಾರೆ, ಇಲ್ಲವೆ ನನ್ನ ಕೆನ್ನೆಗೆ ಒಂದು ಬಿಗಿಯುತ್ತಾರೆ ಎಂದು ಕಾಯ್ದೆ. ಎರಡಕ್ಕೂ ತಯಾರಾಗಿದ್ದೆ.

"ಹಂಗಾರ ಅಕ್ಕಾರ ಕಣ್ಣು ಚೊಲೊ ಇದ್ದೂವು" ಅಂದರು.

"ಇದ್ದೂವು ಕಾಕಾ."

"ಅವರಿಗೆ ಹೇಳಿದ್ದೇನು?"

"ಇಲ್ಲ."

"ಮತ್ತ ನನಗ್ಯಾಕ ಹೇಳಾಕ ಬಂದಿ?"

ಅದರಲ್ಲಿ ಸಿಟ್ಟಿರಲಿಲ್ಲ, ಖರೇನೇ ಕೇಳಿದರು, ಉತ್ತರ ಇದ್ದೀತೇನೋ ಎಂದು. ಕಡೆಗೆ, "ಹೋಗು, ಬಸ್ಸಿಗೆ ಹೊತ್ತಾತು" ಎಂದು ಮುಖವನ್ನು ರಸ್ತೆಯ ಕಡೆ ತಿರುಗಿಸಿದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಎದ್ದು ಬಂದೆ.

ಬೈಲಹೊಂಗಲದ ಬಸ್ಸು ಬಂದಾಗ ಎಲ್ಲರೂ ನುಗ್ಗಿದರು, ನಾನು ಹಿಂದೆ ಉಳಿದೆ. ಕೀಲಿ ಮೊಳೆಗೆ ಹಾಕಿದ ಮೇಲಿನ ಆ ಆರು ವರ್ಷ, ಅತ್ತಿ ಎಲ್ಲಿಗೆ ಹೋಗಬೇಕಾದರೂ ಇಂಥ ಬಸ್ಸನ್ನೇ ಹತ್ತುತ್ತಿದ್ದಳು. ತನ್ನ ಕೈಯಲ್ಲಿ ಹುಟ್ಟಿದ ಹುಡುಗಿಯ ಮದುವೆಗೆ, ರಾಮದುರ್ಗದ ಡಾಕ್ಟರರ ತಿಥಿಗೆ. ಬಹಳ ಸಲ ಜೊತೆಗೆ ನಾನೇ ಇರುತ್ತಿದ್ದೆ. ಬಸ್ಸಿನ ಬಾಗಿಲಲ್ಲಿ ಆಕೆ ನಿಂತು, ಎದುರಿಗೆ ಹಾಡುಹಗಲಿನಲ್ಲಿ ಕಾಣುತ್ತಿರುವ ಮೆಟ್ಟಲನ್ನು ನಂಬದೆ, ಕೈ ಚಾಚಿ ನನ್ನನ್ನು ಕೇಳುತ್ತಿದ್ದಳು: "ಎಷ್ಟ ಮೆಟ್ಟಲ ಅದಾವೋ?"

"ಮೂರು ಅದಾವ ಅತ್ತಿ" ಎಂದು ಆಕೆಯ ಕೈ ಹಿಡಿದು ನಾನು ಹತ್ತಿಸುತ್ತಿದ್ದೆ.